ಅಂಚು ಕತ್ತರಿಸಿದ ಚಿತ್ರ

ಹಳೆಯ ಚಿತ್ರವೊಂದನ್ನು ಹೊಸ ಪರದೆಗೆ ಒಗ್ಗಿಸಲು ಅದರ ಅಂಚನ್ನು ಕತ್ತರಿಸಬಹುದೇ? ಅಮೆರಿಕದ ಸಿಬಿಎಸ್ ವಾಹಿನಿ 1989ರ ಫೆಬ್ರವರಿಯಲ್ಲಿ ನಾಲ್ಕು ರಾತ್ರಿ ಬಿತ್ತರಿಸಿದ ‘ಲೋನ್‌ಸಮ್ ಡವ್’ ಧಾರಾವಾಹಿಯ ಅಭಿಮಾನಿಗಳಲ್ಲಿ ಈ ತಕರಾರು ಎದ್ದಿತು. ಆಗಿನ ಟೀವಿ ಪರದೆಯ ಅಳತೆ 4:3. 2008ರಲ್ಲಿ ಬಂದ ಬ್ಲೂ-ರೇ ಡಿಸ್ಕಿನಲ್ಲಿ ಚಿತ್ರವನ್ನು ಅಗಲ ಪರದೆಗೆ ಹೊಂದಿಸಿದ್ದರು. ಬಯಲು ಕಣ್ತುಂಬ ಕಾಣುತ್ತದೆಂದು ಕೆಲವರು ಹಿಗ್ಗಿದರು; ಮೇಲೂ ಕೆಳಗೂ ಚಿತ್ರ ಕತ್ತರಿಸಿಹೋಯಿತೆಂದು ಕೆಲವರು ಮುನಿದರು.

ಹಿಗ್ಗಿದವರನ್ನು ನಾನು ಹಳಿಯಲಾರೆ. ಇಕ್ಕೆಲದಲ್ಲೂ ಕಪ್ಪು ಪಟ್ಟಿ ಉಳಿದ ಪರದೆ ಯಾರಿಗೆ ತಾನೇ ಹಿತ? ಆದರೆ ಆ ಕಥೆಯೊಳಗೇ ಇದಕ್ಕೊಂದು ಉತ್ತರವಿದೆ. ಟೆಕ್ಸಾಸ್‌ನಿಂದ ಮೊಂಟಾನಾಕ್ಕೆ ದನದ ಹಿಂಡು ಹೊಡೆದುಕೊಂಡು ಹೋಗುವ ಇಬ್ಬರು ಗೆಳೆಯರ ಕಥೆ ಅದು. ಮೊಂಟಾನಾದಲ್ಲಿ ಸಾಯುವ ಗಸ್, ತನ್ನನ್ನು ಟೆಕ್ಸಾಸ್‌ನಲ್ಲೇ ಹೂಳಬೇಕೆಂದು ಗೆಳೆಯ ಕಾಲ್‌ನಿಂದ ಮಾತು ತೆಗೆದುಕೊಳ್ಳುತ್ತಾನೆ. ಸತ್ತವನಿಗೆ ಯಾವ ಮಣ್ಣಾದರೇನು? ಆದರೂ ಕಾಲ್ ಅಷ್ಟು ದೂರ ಹೆಣವನ್ನು ಸಾಗಿಸಿಯೇ ತೀರುತ್ತಾನೆ.

ಸತ್ತವನು ಬಂದು ಲೆಕ್ಕ ಕೇಳಲಾರ. ಹಳೆಯ ಚಿತ್ರವೂ ಕೇಳಲಾರದು. ಕೇಳುವವರಿಲ್ಲವೆಂದೇ ನಮ್ಮ ಹೊಣೆ ಹೆಚ್ಚುತ್ತದೆ ಎಂದು ನನಗನ್ನಿಸುತ್ತದೆ. ಹೊಸ ಅಳತೆ ಬೇಕಾದವರಿಗೆ ಇರಲಿ. ಮೊದಲಿನ ಅಳತೆಯೂ ಜೊತೆಗೆ ಸಿಗಲಿ. ತರಗತಿಯಲ್ಲಿ ಹಳಗನ್ನಡ ಪದ್ಯವನ್ನು ಹೊಸಗನ್ನಡದಲ್ಲಿ ಬಿಡಿಸಿ ಹೇಳುತ್ತೇವೆ. ಹಾಗೆಂದು ಮೂಲ ಪದ್ಯದ ಹಾಳೆಯನ್ನು ಹರಿದುಹಾಕುವುದಿಲ್ಲವಲ್ಲ!