ಅರುಂಧತೀನ್ಯಾಯವೂ ಪರಮಾಣುಚಿತ್ರವೂ

ಯಥಾರ್ಥವಲ್ಲವೆಂದು ತಾನರಿತುದನ್ನು ಗುರುವಾದವನು ಶಿಷ್ಯನಿಗೆ ಬೋಧಿಸಬಹುದೆ? ಈ ಪ್ರಶ್ನೆಯು ಧರ್ಮಶಾಸ್ತ್ರಕ್ಕೆ ಮಾತ್ರ ಸೇರಿದುದೆಂದು ವಾಚಕರು ಎಣಿಸಬಾರದು. ರಸಾಯನಶಾಸ್ತ್ರದ ಮೊದಲ ಪಾಠದಲ್ಲಿಯೇ ಅದು ಎದುರಾಗುತ್ತದೆ.

ಗ್ರಹಗಳು ಸೂರ್ಯನನ್ನು ಸುತ್ತುವಂತೆ ಎಲೆಕ್ಟ್ರಾನುಗಳು ಪರಮಾಣುವಿನ ಬೀಜವನ್ನು ಸುತ್ತುತ್ತವೆಂದು ಬಾಲಕರಿಗೆ ಕಲಿಸುವುದು ವಾಡಿಕೆ. 1913ರಲ್ಲಿ ನೀಲ್ಸ್ ಬೋರರು ಇಂತಹ ಕಕ್ಷೆಗಳನ್ನು ಕಲ್ಪಿಸಿಯೇ ಜಲಜನಕದ ವರ್ಣರೇಖೆಗಳ ಲೆಕ್ಕವನ್ನು ಬಿಡಿಸಿದರು. ಆದರೆ 1926ರಲ್ಲಿ ಷ್ರೋಡಿಂಗರರ ಸಮೀಕರಣವೂ ಅದಕ್ಕೆ ಮ್ಯಾಕ್ಸ್ ಬಾರ್ನರು ಕೊಟ್ಟ ಅರ್ಥವೂ ಆ ಕಕ್ಷೆಗಳನ್ನು ಅಳಿಸಿದುವು. ಎಲೆಕ್ಟ್ರಾನು ಎಲ್ಲಿ ಎಷ್ಟರಮಟ್ಟಿಗೆ ದೊರೆಯಬಹುದೆಂಬ ಸಂಭವವನ್ನಷ್ಟೇ ನಾವು ಹೇಳಬಲ್ಲೆವು. ಅದನ್ನು ತಿಳಿಸುವ ಗಣಿತರೂಪವೇ ಆರ್ಬಿಟಲ್, ಎಂದರೆ ಕಕ್ಷಕ. ಬೋರರು ಕಂಡ 0.53 ಆಂಗ್‌ಸ್ಟ್ರಾಮ್ ದೂರವು ಹೊಸ ಗಣಿತದಲ್ಲಿಯೂ ಉಳಿದಿದೆ. ಜಲಜನಕದ ಎಲೆಕ್ಟ್ರಾನು ದೊರೆಯುವ ಸಂಭವವು ಆ ದೂರದಲ್ಲಿಯೇ ಅತ್ಯಧಿಕ.

ಹಾಗಾದರೆ ಮೊದಲ ಪಾಠವು ಸುಳ್ಳೆ? ಇಲ್ಲಿ ನಮ್ಮ ಹಿರಿಯರ ಅರುಂಧತೀನ್ಯಾಯವು ನೆರವಾಗುತ್ತದೆ. ಸೂಕ್ಷ್ಮವಾದ ಅರುಂಧತಿಯನ್ನು ತೋರಿಸತಕ್ಕವನು ಮೊದಲು ಬಳಿಯ ಸ್ಥೂಲನಕ್ಷತ್ರವನ್ನೇ ಅರುಂಧತಿಯೆಂದು ತೋರಿಸಿ, ದೃಷ್ಟಿಯು ಅಲ್ಲಿ ನಿಂತ ಬಳಿಕ ‘ಅದಲ್ಲ, ಇದು’ ಎನ್ನುತ್ತಾನೆ. ‘ಅದಲ್ಲ’ ಎಂಬ ಆ ಒಂದು ಮಾತೇ ಅವನ ಹಿಂದಿನ ಮಾತನ್ನು ಅಸತ್ಯದೋಷದಿಂದ ಬಿಡಿಸುತ್ತದೆ.

ಬೆಂಜೀನನ್ನು ನೋಡಿರಿ. ಅದರ ಆರು ಇಂಗಾಲಗಳ ನಡುವೆ ಒಂಟಿಬಂಧ, ಜೋಡಿಬಂಧಗಳನ್ನು ಒಂದು ಬಿಟ್ಟೊಂದರಂತೆ ಬರೆಯುತ್ತೇವೆ. ಸಾಮಾನ್ಯವಾಗಿ ಒಂಟಿಬಂಧದ ಉದ್ದ 1.54 ಆಂಗ್‌ಸ್ಟ್ರಾಮ್, ಜೋಡಿಬಂಧದ್ದು 1.34. ಅಳೆದು ನೋಡಿದರೆ ಬೆಂಜೀನಿನ ಆರು ಬಂಧಗಳೂ ಸಮ. ಒಂದೊಂದೂ ಸುಮಾರು 1.40. ಜೋಡಿಬಂಧಗಳದೆಂದು ನಾವು ಬರೆದ ಆರು ಎಲೆಕ್ಟ್ರಾನುಗಳು ಇಡೀ ಉಂಗುರಕ್ಕೆ ಸೇರಿದ ಕಕ್ಷಕಗಳಲ್ಲಿ ಹರಡಿಕೊಂಡಿವೆ. ಚಿತ್ರವನ್ನು ಬರೆದು ಈ ಮಾತನ್ನು ಆಡದೆ ಬಿಟ್ಟರೆ, ಶಿಷ್ಯನು ಇಲ್ಲದ ವಸ್ತುವನ್ನೇ ಕಂಡೆನೆಂದು ನಂಬುವನು. ಮುಂದೆ ನಿಜವರಿತಾಗ ಗುರುವನ್ನೂ ಶಾಸ್ತ್ರವನ್ನೂ ಒಟ್ಟಿಗೆ ಶಂಕಿಸುವನು.

ಎಳೆಯ ಬುದ್ಧಿಗೆ ಇಷ್ಟು ಭಾರ ತಕ್ಕುದೆ ಎಂದು ಕೆಲವರು ಆಕ್ಷೇಪಿಸಬಹುದು. ಸಮೀಕರಣವು ಭಾರವೇ ಸರಿ. ‘ಇದು ಚಿತ್ರ ಮಾತ್ರ’ ಎಂಬ ನುಡಿ ಯಾರಿಗೂ ಭಾರವಾಗದು. ಗುರುವಿಗೂ ಆ ನುಡಿ ಬೇಕು. ಒಂದೇ ಎಲೆಕ್ಟ್ರಾನುಳ್ಳ ಜಲಜನಕಕ್ಕೆ ಆ ಸಮೀಕರಣವು ನಿಶ್ಶೇಷವಾಗಿ ಬಿಡಿಸಲ್ಪಟ್ಟಿದೆ. ಹೀಲಿಯಮ್ಮಿನಲ್ಲಿ ಎರಡು ಎಲೆಕ್ಟ್ರಾನುಗಳು ಪರಸ್ಪರ ವಿಕರ್ಷಿಸುವುದರಿಂದ, ಒಂದೊಂದಕ್ಕೂ ಬೇರೆಬೇರೆ ಕಕ್ಷಕವನ್ನು ಹಂಚುವುದು ಕೇವಲ ಸನ್ನಿಹಿತವಾದ ಲೆಕ್ಕ. ಆದುದರಿಂದ ಕಕ್ಷಕವನ್ನು ಬೋಧಿಸುವ ಪಂಡಿತನ ಬೆರಳೂ ಸ್ಥೂಲನಕ್ಷತ್ರದ ಕಡೆಗೇ ಇದೆ. ಇದನ್ನರಿತು ಬೋಧಿಸುವವನಿಗೆ ವಿನಯವು ತಾನಾಗಿ ಬರುವುದು. ಅವನ ಅಪೂರ್ಣವಾದ ಮಾತೂ ಸತ್ಯಕ್ಕೆ ಸಲ್ಲುವುದು.