ಅಗಲಿಕೆಯಲ್ಲಿ ನಿಷ್ಠೆ

ಗೃಹಸ್ಥಜೀವನವನ್ನು ಸಾಧನೆಗೆ ಅಡ್ಡಿಯೆಂದು ಬಗೆಯದೆ, ಅದನ್ನೇ ಸಾಧನೆಯ ನೆಲೆಯನ್ನಾಗಿ ಮಾಡಿಕೊಂಡವರು ಶರಣರು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ, ಮೋಳಿಗೆ ಮಾರಯ್ಯ ಮಹಾದೇವಿ, ಜೇಡರ ದಾಸಿಮಯ್ಯ ದುಗ್ಗಳೆ ಎಂದು ಈ ಪರಂಪರೆಯಲ್ಲಿ ಹೆಸರುಗಳು ಜೋಡಿಯಾಗಿಯೇ ಬರುವುವು. ಕೂಡಿ ಕಾಯಕ ಮಾಡಿ, ಕೂಡಿ ದಾಸೋಹ ನಡೆಸಿ, ಕೂಡಿ ಲಿಂಗವನ್ನು ಪೂಜಿಸಿದವರು ಅವರು. ಹೀಗಿರಲು ಒಂದು ಪ್ರಶ್ನೆ ಏಳುವುದು. ಕೂಡಿ ಬಾಳಬೇಕಾದವರನ್ನು ಕಾಯಕವೇ ಅಗಲಿಸಿದರೆ ಗತಿಯೇನು? ಒಲಿದ ಎರಡು ಜೀವಗಳ ನಡುವೆ ಸಾವಿರಾರು ಮೈಲಿಗಳ ದೂರವೂ ವರ್ಷಗಳ ಕಾಲವೂ ಬಂದು ನಿಂತಾಗ, ಅವರ ನಿಷ್ಠೆಯು ಯಾವುದರ ಆಧಾರದ ಮೇಲೆ ನಿಲ್ಲತಕ್ಕದ್ದು?

ಈ ಪ್ರಶ್ನೆ ಬೇರೆಲ್ಲರಿಗಿಂತ ಯೋಧರ ಮನೆಗಳಿಗೆ ಹತ್ತಿರವಾದುದು. 1914ರಲ್ಲಿ ಮೈಸೂರು ಸಂಸ್ಥಾನದ ಅಶ್ವದಳವು ಸಮುದ್ರವನ್ನು ದಾಟಿ ಈಜಿಪ್ಟಿಗೆ ಹೋಗಿ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ದಾಳಿಯಲ್ಲಿ ಪಾಲ್ಗೊಂಡಿತು. ಆ ವಿಜಯದ ಸ್ಮಾರಕಗಳು ದಿಲ್ಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ನಿಂತಿವೆ. ಆದರೆ ಆ ನಾಲ್ಕು ವರ್ಷಗಳ ಕಾಲ ಊರಿನಲ್ಲಿ ಉಳಿದು ದಾರಿ ಕಾದ ಹೆಣ್ಣುಮಕ್ಕಳಿಗೆ ಯಾವ ಸ್ಮಾರಕವೂ ಇಲ್ಲ. ಇಂದಿಗೂ ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಗಳ ಎಷ್ಟೋ ಹಳ್ಳಿಗಳಿಂದ ಮಕ್ಕಳು ಸೇನೆಗೆ ಸೇರುತ್ತಲೇ ಇರುವರು. ಅವರಿಗೆ ಬರೆಯುವ ಕಾಗದದ ಮೇಲೆ ಊರಿನ ಹೆಸರಿರದು. ಸೈನಿಕ ಅಂಚೆಯ ಒಂದು ಸಂಖ್ಯೆ ಮಾತ್ರ ಇರುವುದು. ತನ್ನವನು ಯಾವ ಬೆಟ್ಟದ ಮೇಲಿರುವನೆಂಬುದನ್ನು ಅರಿಯದೆಯೇ ಮನೆಯವಳು ಆ ಸಂಖ್ಯೆಗೆ ತನ್ನ ಮನಸ್ಸನ್ನು ಬರೆದು ಕಳುಹಬೇಕಾಗುವುದು.

ಅಂತಹ ಹಳ್ಳಿಯೊಂದರಲ್ಲಿ ಯಾರಿಗಾದರೂ ಕಾಣಸಿಗಬಹುದಾದ ಒಂದು ಜೋಡಿಯನ್ನು ನೆನೆದರೆ ವಿಷಯವು ಸ್ಪಷ್ಟವಾಗುವುದು. ಹುಡುಗನು ಸಿಪಾಯಿ, ಹುಡುಗಿಯು ಪಕ್ಕದ ಊರಿನ ಶಾಲೆಯಲ್ಲಿ ಶಿಕ್ಷಕಿ. ಇಬ್ಬರೂ ಮೆಚ್ಚಿ ಒಪ್ಪಿದ ಮೇಲೆ ಹಿರಿಯರು ನಿಶ್ಚಯಕಾರ್ಯವನ್ನು ಮುಗಿಸುವರು. ಲಗ್ನವು ಒಂದು ಸಲ ರಜೆ ದೊರೆಯದೆ, ಮತ್ತೊಂದು ಸಲ ಮನೆಯಲ್ಲಿ ಸಾವಾಗಿ, ಎರಡು ವರ್ಷ ಮುಂದಕ್ಕೆ ಹೋಗುವುದು. ಮೊದಲ ವರ್ಷ ದಿನಕ್ಕೊಂದು ಬಾರಿ ಮೊಬೈಲಿನಲ್ಲಿ ಮಾತು. ಎರಡನೆಯ ವರ್ಷ ಅವನು ಹಿಮದ ಠಾಣ್ಯಕ್ಕೆ ಹೋಗುವನು. ಅಲ್ಲಿಂದ ಮಾತು ಅಪರೂಪ. ಬಂದ ಮಾತೂ ಒಂದೇ: "ಇಲ್ಲಿ ಎಲ್ಲ ಕ್ಷೇಮ. ನೀನು ಹೇಗಿದ್ದೀ?" ಅವಳ ಉತ್ತರವೂ ಒಂದೇ: "ನಾವೆಲ್ಲ ಕ್ಷೇಮ. ನೀವು ಚಿಂತೆ ಮಾಡಬೇಡಿರಿ."

ಎರಡೂ ಮಾತುಗಳು ಸುಳ್ಳು. ಅವನ ಪಕ್ಕದಲ್ಲಿ ಮಲಗುತ್ತಿದ್ದ ಜೊತೆಗಾರನು ಹಿಮದಡಿಯಲ್ಲಿ ಸಿಕ್ಕಿ ಮಡಿದಿರುವನು. ಅಂದಿನಿಂದ ಅವನಿಗೆ ನಿದ್ರೆಯಿಲ್ಲ. ಅವಳ ತಂದೆಗೆ ಪಾರ್ಶ್ವವಾಯು ಬಡಿದಿದೆ. ಸಿಪಾಯಿಯನ್ನು ನೆಚ್ಚಿ ಎಷ್ಟು ದಿನ ಕುಳಿತಿರುವೆ, ಬೇರೆ ಸಂಬಂಧ ನೋಡೋಣವೆಂದು ಸೋದರಮಾವನು ವಾರಕ್ಕೊಮ್ಮೆ ಬಂದು ಒತ್ತಾಯಿಸುತ್ತಿರುವನು. ಇಬ್ಬರೂ ಮರೆಮಾಚಿದುದು ಕರುಣೆಯಿಂದಲೇ. ದೂರದಲ್ಲಿರುವವರ ಮನಸ್ಸನ್ನು ನೋಯಿಸಬಾರದೆಂಬ ಭಾವವೇ ಅದಕ್ಕೆ ಕಾರಣ. ಆದರೆ ಎರಡು ತಿಂಗಳ ರಜೆಯಲ್ಲಿ ಅವನು ಊರಿಗೆ ಬಂದಾಗ, ಅವಳ ಎದುರಿಗೆ ನಿಂತವನು ಅವಳು ಅರಿಯದ ಮನುಷ್ಯ. ಅವನ ಎದುರಿಗೆ ನಿಂತವಳು ಅವನು ಅರಿಯದ ಹೆಣ್ಣು. ಮುಖ ನೋಡಿದರೆ ಅದೇ ಮುಖ. ಮಾತು ಮಾತ್ರ ಹೊರಡದು.

ಇಲ್ಲಿ ಒಲವನ್ನು ಬಳಲಿಸಿದುದು ಯಾವುದು? ದೂರವೆಂದು ಲೋಕವು ಹೇಳುವುದು. ಸೂಕ್ಷ್ಮವಾಗಿ ನೋಡಿದರೆ ದೂರಕ್ಕಿಂತ ಹೆಚ್ಚಿನ ಕೆಲಸವನ್ನು ಮರೆಮಾಚಿಕೆ ಮಾಡಿರುವುದು ತಿಳಿಯುತ್ತದೆ. ಅಗಲಿದವರು ದಿನಗಳೆದಂತೆ ಒಬ್ಬರನ್ನೊಬ್ಬರು ಬಿಟ್ಟು, ಮನಸ್ಸಿನಲ್ಲಿ ತಾವೇ ಕೆತ್ತಿಕೊಂಡ ಪ್ರತಿಮೆಯನ್ನು ಪ್ರೀತಿಸತೊಡಗುವರು. ಪ್ರತಿಮೆಗೆ ರೋಗವಿಲ್ಲ, ಭಯವಿಲ್ಲ, ಬದಲಾವಣೆಯಿಲ್ಲ. "ಎಲ್ಲ ಕ್ಷೇಮ" ಎಂಬ ಪ್ರತಿಯೊಂದು ಮಾತೂ ಆ ಪ್ರತಿಮೆಗೆ ಹಚ್ಚಿದ ಬಣ್ಣ. ನಿಜವಾದ ಮನುಷ್ಯನು ಬಾಗಿಲಿಗೆ ಬಂದು ನಿಂತ ದಿನ ಪ್ರತಿಮೆ ಒಡೆಯುವುದು. ಒಡೆದುದನ್ನು ಕಂಡವರು ಒಲವೇ ಒಡೆಯಿತೆಂದು ಭ್ರಮಿಸುವರು. ಸ್ಥಾವರವನ್ನು ನೆಚ್ಚದೆ ಜಂಗಮವನ್ನು ನೆಚ್ಚಿದ ಶರಣರ ಮಾರ್ಗದಲ್ಲಿ ನಡೆಯುವವರಿಗೆ ಈ ಮಾತು ಹೊಸದಾಗಿ ತೋರದು. ಒಲವೂ ಜಂಗಮವೇ. ನಡೆಯುತ್ತ ಬದಲಾಗುತ್ತಿರುವ ಜೀವವನ್ನು ಅದು ಒಪ್ಪಿಕೊಳ್ಳಬೇಕೇ ಹೊರತು, ನಿಂತ ಕಲ್ಲನ್ನಲ್ಲ.

ಅಗಲಿಕೆಯ ನೋವು ಶರಣರಿಗೆ ತಿಳಿಯದುದಲ್ಲ. ಕಲ್ಯಾಣದ ಕ್ರಾಂತಿಯ ಕಾಲದಲ್ಲಿ ಶಸ್ತ್ರಗಳ ನಡುವೆ ಅವರ ಮನೆಗಳೂ ಚದುರಿದುವು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು. ಗಂಗಾಂಬಿಕೆಯವರು ಉಳವಿಯ ದಾರಿ ಹಿಡಿದ ಶರಣಸಮೂಹದೊಡನೆ ಸಾಗಿ, ಮಲಪ್ರಭೆಯ ದಡದ ಎಂ.ಕೆ. ಹುಬ್ಬಳ್ಳಿಯಲ್ಲಿ ಐಕ್ಯರಾದರೆಂದು ಪ್ರತೀತಿ. ನೀಲಾಂಬಿಕೆಯವರ ಐಕ್ಯಸ್ಥಳವು ಕೃಷ್ಣೆಯ ದಡದ ತಂಗಡಗಿ. ಬಸವಣ್ಣನವರು ಹಡಪದ ಅಪ್ಪಣ್ಣನವರನ್ನು ಕಳುಹಿ ನೀಲಾಂಬಿಕೆಯವರನ್ನು ಸಂಗಮಕ್ಕೆ ಕರೆಸಿದರೆಂದೂ, ತಂಗಡಗಿಗೆ ಬರುವ ಹೊತ್ತಿಗೆ ಬಸವಣ್ಣನವರು ಐಕ್ಯರಾದ ವಾರ್ತೆ ತಿಳಿಯಿತೆಂದೂ, ಅಲ್ಲಿರುವ ಸಂಗಯ್ಯನು ಇಲ್ಲಿಯೂ ಇರುವನೆಂಬ ಅರಿವಿನಲ್ಲಿ ಆ ತಾಯಿ ಹೊಳೆಯ ಈಚೆಯ ದಡದಲ್ಲಿಯೇ ಲಿಂಗದಲ್ಲಿ ಬೆರೆತರೆಂದೂ ಪರಂಪರೆಯು ಹೇಳುವುದು.

ಈ ಪ್ರಸಂಗದಿಂದ ಕೆಲವರು ಆತುರದ ಅರ್ಥವನ್ನು ತೆಗೆಯುವುದುಂಟು. ಅರಿವುಳ್ಳವರಿಗೆ ಅಗಲಿಕೆಯ ನೋವೇ ಇಲ್ಲವೆಂದೂ, ಅಳುವ ಹೆಣ್ಣು ಅರಿವಿಲ್ಲದವಳೆಂದೂ ಅವರು ತಿಳಿಯುವರು. ಅದು ಸರಿಯಲ್ಲ. ಕರೆ ಬಂದೊಡನೆ ನೀಲಾಂಬಿಕೆಯವರು ಹೊರಟು ದಾರಿ ನಡೆದರೆಂಬುದನ್ನು ಮರೆಯಲಾಗದು. ಪತಿಯು ತನ್ನೊಳಗೇ ಇರುವನೆಂದು ಹೇಳಿ ಅವರು ಕಲ್ಯಾಣದಲ್ಲಿಯೇ ಕುಳಿತುಬಿಡಲಿಲ್ಲ. ನಡೆಯಬೇಕಾದಷ್ಟನ್ನು ನಡೆದರು, ನಡೆದು ತಲುಪಲಾಗದುದನ್ನು ಅರಿವಿನಿಂದ ತಲುಪಿದರು. ಅಗಲಿದವರ ಧರ್ಮವು ಈ ಎರಡೂ ಮಾತುಗಳಲ್ಲಿ ಅಡಗಿದೆ. ಮನುಷ್ಯಪ್ರಯತ್ನದಿಂದ ಎಷ್ಟು ಹತ್ತಿರವಾಗಬಹುದೋ ಅಷ್ಟನ್ನು ಸೋಮಾರಿತನವಿಲ್ಲದೆ ಮಾಡತಕ್ಕದ್ದು. ಉಳಿದುದನ್ನು ನಂಬುಗೆಗೆ ಬಿಡತಕ್ಕದ್ದು.

ಹತ್ತಿರವಾಗುವ ಬಗೆ ಹೇಗೆ? ಇಷ್ಟಲಿಂಗಧಾರಣೆಯಲ್ಲಿಯೇ ಅದರ ಪಾಠವಿದೆ. ಪರವಸ್ತುವು ಎಲ್ಲೆಲ್ಲಿಯೂ ಇರುವುದಾದರೂ ಅದನ್ನು ಕರಸ್ಥಲಕ್ಕೆ ತಂದುಕೊಂಡು ದಿನದಿನವೂ ತಪ್ಪದೆ ನೋಡುವುದು ವೀರಶೈವನ ನಿತ್ಯನೇಮ. ಉತ್ಸಾಹ ಬಂದ ದಿನ ಒಂದು ಪ್ರಹರದ ಪೂಜೆ, ಬಾರದ ದಿನ ಏನೂ ಇಲ್ಲವೆಂಬುದು ನೇಮವಲ್ಲ. ಅಗಲಿದವರ ಒಲವಿಗೂ ನೇಮವೇ ಬೇಕು, ಆವೇಶವಲ್ಲ. ತಿಂಗಳಿಗೊಂದು ಕಾಗದವಾದರೂ ಸರಿ, ವಾರಕ್ಕೊಂದು ಮಾತಾದರೂ ಸರಿ, ಅದು ತಪ್ಪದೆ ಬರಲಿ; ಬಂದುದು ಇದ್ದುದನ್ನು ಇದ್ದಂತೆ ಹೇಳಲಿ. ಮಳೆ ಬಂದಿತು, ಎಮ್ಮೆ ಈಯಿತು, ಅಪ್ಪನಿಗೆ ಕೈ ಎತ್ತಲಾಗದು, ಮಾವನ ಮಾತಿನಿಂದ ಮನಸ್ಸು ಕದಡಿದೆ ಎಂಬ ಸಣ್ಣ ಸಣ್ಣ ನಿಜಗಳೇ ಎರಡು ಮನಸ್ಸುಗಳನ್ನು ಒಂದೇ ಮನೆಯಲ್ಲಿ ಇರಿಸುವುವು. ಠಾಣ್ಯದ ರಹಸ್ಯವನ್ನು ಯೋಧನು ಕಾಪಾಡಲೇಬೇಕು; ತನ್ನ ಮನದ ದುಃಖವನ್ನು ಮುಚ್ಚಿಡಬೇಕೆಂದು ಯಾವ ಸೇನೆಯ ಆಜ್ಞೆಯೂ ಇಲ್ಲ.

ನಡೆನುಡಿಗಳು ಒಂದಾಗಿರಬೇಕೆಂಬುದು ವಚನಧರ್ಮದ ತಿರುಳು. ಇದು ಮಠದ ಜಗುಲಿಯ ಮೇಲೆ ಮಾತ್ರ ಸಲ್ಲುವ ತತ್ತ್ವವಲ್ಲ. ಗಂಡಹೆಂಡಿರ ನಡುವೆ ಮೊದಲು ಸಲ್ಲತಕ್ಕದ್ದು. ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಪತಿಯ ಮನಸ್ಸು ನೊಂದೀತೆಂದು ಸುಮ್ಮನಿರಲಿಲ್ಲ. ಹೆಚ್ಚಿನದನ್ನು ಮರಳಿ ಸುರಿದು ಬರಬೇಕೆಂದು ಹೇಳಿದರು. ಅನುಭಾವಗೋಷ್ಠಿಯಲ್ಲಿ ಅವರು ಮೈಮರೆತಾಗ ಕಾಯಕಕ್ಕೆ ಹೊತ್ತಾಯಿತೆಂದು ಎಚ್ಚರಿಸಿದರು. ನಿಷ್ಠುರವಾದ ಆ ನಿಜವೇ ಅವರ ಒಲವಿನ ಗಟ್ಟಿತನ. ನೋಯಿಸಬಾರದೆಂದು ಆಡಿದ ಸುಳ್ಳು ಕರುಣೆಯಂತೆ ತೋರಿದರೂ, ಇನ್ನೊಬ್ಬರು ನಿಜವನ್ನು ಹೊರಲಾರರೆಂಬ ತಾತ್ಸಾರವು ಅದರ ಒಳಗಿರುವುದು.

ನಿಷ್ಠೆಯ ಮಾತು ಬಂದಾಗ ಲೋಕವು ಹೆಣ್ಣಿನ ಕಡೆಗೆ ಮಾತ್ರ ಬೆರಳು ತೋರಿಸುವುದು ಬಹುಕಾಲದ ದೋಷ. ಕನ್ನಡನಾಡಿನ ಹಲವು ಊರುಗಳಲ್ಲಿ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ನಿಂತಿವೆ. ಮಾಸ್ತಿಕಲ್ಲಿನ ಮೇಲೆ ಬಳೆ ತೊಟ್ಟ ಒಂದು ಕೈಯನ್ನು ಕೆತ್ತಿರುವರು. ಕಾದಿ ಮಡಿದವನಿಗೆ ಒಂದು ಕಲ್ಲು, ಅವನೊಡನೆ ಉರಿದವಳಿಗೆ ಒಂದು ಕಲ್ಲು. ಆದರೆ ಬದುಕಿ ಉಳಿದು, ಹೊಲ ಉತ್ತು, ಮಕ್ಕಳನ್ನು ಸಾಕಿದವಳಿಗೆ ಕಲ್ಲಿಲ್ಲ. ದಂಡಿನಲ್ಲಿದ್ದು ಮನೆಯವಳಿಗೆ ನಿಷ್ಠನಾಗಿ ಉಳಿದ ಗಂಡಿಗೂ ಕಲ್ಲಿಲ್ಲ. ಶರಣರ ದೃಷ್ಟಿ ಬೇರೆ. ಒಳಗಿರುವ ಆತ್ಮಕ್ಕೆ ಹೆಣ್ಣುಗಂಡೆಂಬ ಭೇದವನ್ನು ಅವರು ಒಪ್ಪಲಿಲ್ಲ. ಲಿಂಗಪತಿಯ ಮುಂದೆ ಶರಣರೆಲ್ಲರೂ ಸತಿಯರೆಂದು ಭಾವಿಸಿದರು. ಪತಿವ್ರತೆಯ ಗುಣವನ್ನು ಗಂಡಸಿಗೂ ವಿಧಿಸಿದ ಭಾವವಿದು. ಆದುದರಿಂದ ಊರಲ್ಲಿರುವವಳನ್ನು ಕಾವಲು ಕಾಯುವ ಬಂಧುಗಳು, ದೂರದಲ್ಲಿರುವವನನ್ನೂ ಅದೇ ಅಳತೆಯಿಂದ ಅಳೆಯತಕ್ಕದ್ದು. ಇಲ್ಲವೆ ಕಾವಲನ್ನೇ ಬಿಟ್ಟು ಇಬ್ಬರನ್ನೂ ನಂಬತಕ್ಕದ್ದು.

ಹಾಗಾದರೆ ಎಷ್ಟು ಕಾಲ ಕಾಯಬೇಕು? ಇದು ಕಠಿಣವಾದ ಪ್ರಶ್ನೆ. 2016ರ ಫೆಬ್ರುವರಿ 3ರಂದು ಸಿಯಾಚಿನ್ ಪ್ರದೇಶದಲ್ಲಿ ಸುಮಾರು 19,600 ಅಡಿಗಳ ಎತ್ತರದ ಠಾಣ್ಯದ ಮೇಲೆ ಹಿಮ ಕುಸಿದು ಹತ್ತು ಮಂದಿ ಯೋಧರು ಸಿಕ್ಕಿಕೊಂಡರು. ಅವರಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದರು ಆರು ದಿನಗಳ ತರುವಾಯ ಜೀವಸಹಿತ ದೊರೆತು, ಫೆಬ್ರುವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಅಸುನೀಗಿದರು. ಆ ಕೆಲವು ದಿನಗಳ ಕಾಲ ಅವರ ಮನೆಯವರು ಹೊತ್ತ ಅನಿಶ್ಚಯವನ್ನು, 1965 ಮತ್ತು 1971ರ ಯುದ್ಧಗಳಲ್ಲಿ ಕಾಣೆಯಾಗಿ ಪಾಕಿಸ್ತಾನದ ಸೆರೆಯಲ್ಲಿರುವರೆಂದು ನಂಬಲಾದ 54 ಮಂದಿ ಯೋಧರ ಮನೆಗಳು ದಶಕಗಳ ಕಾಲ ಹೊತ್ತುವು. ಅವರು ತನ್ನಲ್ಲಿರುವರೆಂಬುದನ್ನು ಆ ದೇಶವು ಒಪ್ಪಿಲ್ಲ. ಹೀಗೆ ಕಾದವರ ನಿಷ್ಠೆಯ ಮುಂದೆ ತಲೆಬಾಗಬೇಕಾದುದೇ. ಆದರೆ ಕಾಯಲಾರದವರನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಏಳು ವರ್ಷಗಳ ಕಾಲ ಬದುಕಿರುವ ಸುದ್ದಿಯೇ ಕೇಳಿಬರದಿದ್ದರೆ ವಿವಾಹಬಂಧನದಿಂದ ಬಿಡುಗಡೆ ಕೋರಬಹುದೆಂದು 1955ರ ಹಿಂದೂ ವಿವಾಹ ಕಾಯಿದೆ ಹೇಳುವುದು. ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಎತ್ತಿಯೇ ಆ ಕಾಯಿದೆಯು ತನ್ನ ವ್ಯಾಪ್ತಿಯನ್ನು ನಿರೂಪಿಸಿದೆ. ಕಾಯಿದೆಗಿಂತ ಮೊದಲೇ ಲಿಂಗಾಯತರ ಅನೇಕ ಪಂಗಡಗಳಲ್ಲಿ ಉಡಿಕೆಯ ಪದ್ಧತಿ ನಡೆದುಬಂದಿದೆ. ಒಂದು ಜೀವವನ್ನು ಬದುಕಿದ್ದಂತೆಯೇ ಕಲ್ಲಾಗಿಸುವುದು ಧರ್ಮವಲ್ಲವೆಂಬ ತಿಳಿವು ಅದರ ಹಿಂದಿದೆ.

ವಾಗ್ದಾನ ಮಾತ್ರವಾಗಿ ಲಗ್ನವಾಗದವರ ವಿಷಯದಲ್ಲಿಯೂ ಇದೇ ನ್ಯಾಯ. ಕೊಟ್ಟ ಮಾತು ದೊಡ್ಡದು, ಸುಲಭಕ್ಕೆ ಮುರಿಯತಕ್ಕದ್ದಲ್ಲ. ಆದರೂ ಮನಸ್ಸು ನಿಜವಾಗಿ ಬೇರೆಯಾಗಿದ್ದರೆ ಅದನ್ನು ಬೇಗನೆ, ನೇರವಾಗಿ, ತನ್ನ ಬಾಯಿಂದಲೇ ಹೇಳುವುದು ಲೇಸು. ಗಡಿಯಲ್ಲಿ ನಿಂತವನಿಗೆ ಮೂರನೆಯವರ ಬಾಯಿಂದ ಆ ವಾರ್ತೆ ಮುಟ್ಟುವುದಕ್ಕಿಂತ ಕ್ರೌರ್ಯ ಬೇರಿಲ್ಲ. ಹಾಗೆಯೇ, ಅವನ ಮನಸ್ಸು ತಿರುಗಿದ್ದರೆ ಊರಿನಲ್ಲಿ ಒಬ್ಬಳನ್ನು ವರ್ಷಗಟ್ಟಲೆ ಕಾಯಿಸುವುದು ಕಳವಿಗೆ ಸಮಾನ. ಅವನು ಕದ್ದುದು ಮರಳಿ ಕೊಡಲಾಗದ ಆಯುಷ್ಯ.

ಮೇಲೆ ಹೇಳಿದ ಜೋಡಿಗೆ ಇನ್ನೂ ದಾರಿ ಮುಚ್ಚಿಲ್ಲ. ರಜೆಯ ದಿನಗಳು ಉಳಿದಿವೆ. ಅವನು ಮಡಿದ ಜೊತೆಗಾರನ ಹೆಸರನ್ನು ಅವಳ ಮುಂದೆ ಒಮ್ಮೆ ಎತ್ತಲಿ. ಅವಳು, "ಕಾಯುವುದಕ್ಕೆ ನಾನು ಅಂಜಲಿಲ್ಲ, ನೀವು ನನಗೆ ಏನನ್ನೂ ಹೇಳದೆ ಹೋದಿರಲ್ಲ ಎಂದು ಅಂಜಿದೆ" ಎಂದು ಬಾಯಿ ಬಿಡಲಿ. ಆಮೇಲೆ ಲಗ್ನವಾಗುವುದೋ ಇಲ್ಲವೋ, ಆ ಇಬ್ಬರೂ ಮೊದಲ ಬಾರಿಗೆ ಒಬ್ಬರನ್ನೊಬ್ಬರು ಕಂಡಂತಾಗುವುದು. ಸದ್ಗೃಹಸ್ಥರಾದವರು ಯೋಧನ ಮನೆಯ ಹೆಣ್ಣುಮಕ್ಕಳ ನಡೆಯನ್ನು ಎಣಿಸುವ ಬದಲು, ಅವರ ಹೊಲದ ಕೆಲಸಕ್ಕೆ ಒಂದು ಆಳು, ಮನೆಯ ರೋಗಿಗೆ ಒಂದು ಬಂಡಿ, ಒಂಟಿ ಸಂಜೆಗೆ ಒಂದು ಒಳ್ಳೆಯ ಮಾತು ಕೊಟ್ಟರೆ ಅದೂ ದಾಸೋಹವೇ. ದೂರವನ್ನು ತರಿಸಿದುದು ಕಾಯಕ. ಆ ದೂರವನ್ನು ದಾಟಿಸುವ ಸೇತುವೆ ಸತ್ಯವಾದ ನುಡಿ. ಅಂತಹ ನುಡಿಯು ಅಗಲಿದ ಎಲ್ಲ ಮನೆಗಳಲ್ಲಿಯೂ ನೆಲೆಸಲಿ. ಗಡಿಯಲ್ಲಿರುವವರು ಕ್ಷೇಮವಾಗಿ ಮರಳಲಿ.