ನಿರುದ್ಯೋಗಿಗೆ ನೆರವು ಆಲಸ್ಯಕ್ಕೆ ಕಾರಣವೇ?

ದುಡಿಯುವ ಶಕ್ತಿಯುಳ್ಳವನಿಗೆ ದುಡಿಮೆಯಿಲ್ಲದ ಕಾಲದಲ್ಲಿ ಹಣದ ನೆರವು ನೀಡುವುದು ಉಪಕಾರವೋ, ಅವನನ್ನು ಆಲಸಿಯನ್ನಾಗಿಸುವ ಅಪಕಾರವೋ ಎಂಬ ಪ್ರಶ್ನೆ ಬಹಳ ಹಳೆಯದು. ಸರಕಾರದ ಯೋಜನೆಗಳ ಮಾತು ಬಂದಾಗಲೆಲ್ಲ ಪೇಟೆಯ ಅಂಗಡಿಗಳಲ್ಲಿಯೂ ಬಸದಿಗಳ ಟ್ರಸ್ಟಿನ ಸಭೆಗಳಲ್ಲಿಯೂ ಅದು ಏಳುತ್ತದೆ. "ಕುಳಿತಲ್ಲಿಯೇ ಹಣ ಬಂದರೆ ಕೆಲಸಕ್ಕೆ ಯಾರು ಬರುತ್ತಾರೆ?" ಎಂದು ಕೇಳುವವರೆಲ್ಲ ನಿರ್ದಯರೆಂದು ತಿಳಿಯಬೇಕಾಗಿಲ್ಲ. ಅವರಲ್ಲಿ ಅನೇಕರು ಸುಗ್ಗಿಯ ಕಾಲದಲ್ಲಿ ಆಳು ದೊರೆಯದೆ ಕಷ್ಟಪಟ್ಟವರು. ಆದರೆ ಒಬ್ಬನನ್ನು ಆಲಸಿಯೆಂದು ತೀರ್ಮಾನಿಸುವ ಮುನ್ನ ಅವನು ದುಡಿಮೆಗೆ ಮರಳುವ ದಾರಿಯಲ್ಲಿ ಏನೇನು ಅಡ್ಡಿಗಳಿವೆ ಎಂಬುದನ್ನು ವಿಚಾರಿಸುವುದು ನ್ಯಾಯವಾದ ಕ್ರಮ.

ಕೊಪ್ಪಳ ಜಿಲ್ಲೆಯು 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳು ಅದರಲ್ಲಿದ್ದವು. ಈ ನಾಲ್ಕು ಸೀಮೆಗಳ ನಿರುದ್ಯೋಗ ಒಂದೇ ಬಗೆಯದಲ್ಲ. ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವುದರಿಂದ ಭತ್ತದ ನಾಟಿ, ಕಳೆ, ಅಕ್ಕಿ ಗಿರಣಿ, ಹಮಾಲಿ ಮುಂತಾದ ಕೆಲಸಗಳು ನೀರಿನೊಡನೆ ಬಂದು ನೀರಿನೊಡನೆ ಹೋಗುತ್ತವೆ. ಕುಷ್ಟಗಿ, ಯಲಬುರ್ಗಾಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ನಾಡು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಮಕ್ಕಳೊಡನೆ ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೋಗುವ ಕುಟುಂಬಗಳು ಅಲ್ಲಿವೆ. ಕೊಪ್ಪಳದ ಸುತ್ತ ಗಿಣಿಗೇರಿಯ ಕಡೆ ಕಾರ್ಖಾನೆಗಳು ಬಂದಿದ್ದರೂ, ಪದವಿ ಪಡೆದು ನೌಕರಿಗಾಗಿ ಕಾಯುವ ತರುಣರ ಸಾಲು ಕರಗಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಹಳೆಯ ಗೇಟುಗಳನ್ನೆಲ್ಲ ಬದಲಾಯಿಸಬೇಕಾದುದರಿಂದ 2025-26ರ ಸಾಲಿನ ಎರಡನೆಯ ಬೆಳೆಗೆ ನೀರು ಬಿಡದಿರುವ ತೀರ್ಮಾನವಾಯಿತು. ರಕ್ಷಣೆಯ ದೃಷ್ಟಿಯಿಂದ ಅದು ಅವಶ್ಯವಾದ ತೀರ್ಮಾನವೇ ಇರಬಹುದು. ಆದರೆ ಒಂದು ಬೆಳೆ ತಪ್ಪಿದರೆ ಭೂಮಿಯಿಲ್ಲದ ಕೂಲಿಯ ಹೆಣ್ಣುಮಗಳಿಗೆ ನಾಟಿಯ ಕೂಲಿಯೂ ಕಳೆಯ ಕೂಲಿಯೂ ಒಟ್ಟಿಗೆ ತಪ್ಪುತ್ತವೆ. ಗೇಟಿನ ಸರಪಳಿ ಕಡಿದುದಕ್ಕೆ ಅವಳ ಆಲಸ್ಯ ಕಾರಣವೆಂದು ಯಾರೂ ಹೇಳಲಾರರು. ನಿರುದ್ಯೋಗದ ಬಹುಭಾಗ ಇಂತಹುದೇ ಆಗಿದೆ. ಕೆಲಸ ಹೋದುದಕ್ಕೆ ಒಂದು ಕಾರಣ, ಅದರ ಫಲವನ್ನು ಉಣ್ಣುವವರು ಬೇರೊಬ್ಬರು.

ಇಂತಹ ಸಮಯಕ್ಕೆಂದೇ 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮವು ಗ್ರಾಮೀಣ ಕುಟುಂಬವೊಂದಕ್ಕೆ ವರ್ಷದಲ್ಲಿ 100 ದಿನಗಳ ಕೆಲಸದ ಹಕ್ಕನ್ನು ನೀಡಿತು. ಅರ್ಜಿ ಕೊಟ್ಟ 15 ದಿನಗಳೊಳಗೆ ಕೆಲಸ ಒದಗಿಸದಿದ್ದರೆ ಮೊದಲ 30 ದಿನಗಳಿಗೆ ಕೂಲಿಯ ಕಾಲುಭಾಗಕ್ಕೂ ಆಮೇಲೆ ಅರ್ಧಭಾಗಕ್ಕೂ ಕಡಿಮೆಯಿಲ್ಲದ ನಿರುದ್ಯೋಗ ಭತ್ಯೆಯನ್ನು ರಾಜ್ಯ ಸರಕಾರ ಕೊಡಬೇಕೆಂದು ಅದರಲ್ಲಿ ವಿಧಿಸಲಾಗಿತ್ತು. ಆದರೂ ದೇಶದಲ್ಲಿ ಈ ಭತ್ಯೆ ಪಡೆದವರು ತೀರ ವಿರಳ. ಇದರ ಕಾರಣವನ್ನು ವ್ಯಾಪಾರಿಗಳಾದ ನಾವು ಸುಲಭವಾಗಿ ತಿಳಿಯಬಲ್ಲೆವು. 15 ದಿನಗಳನ್ನು ಎಣಿಸಬೇಕಾದರೆ ಅರ್ಜಿಗೆ ದಿನಾಂಕವಿರುವ ರಸೀದಿ ಬೇಕು. ಬಾಯಿಮಾತಿನ ಬೇಡಿಕೆಗೆ ರಸೀದಿಯಿಲ್ಲ, ರಸೀದಿಯಿಲ್ಲದಲ್ಲಿ ಎಣಿಕೆಯೇ ಆರಂಭವಾಗದು. ದಿನಾಂಕವಿಲ್ಲದ ಹುಂಡಿಯ ಮೇಲೆ ವಾಯಿದೆ ಲೆಕ್ಕ ಹಾಕಲು ಯಾವ ಗುಮಾಸ್ತನಿಗೆ ಸಾಧ್ಯ?

ಕೂಲಿ ವಿಳಂಬದ ಲೆಕ್ಕವೂ ವಿಚಾರಾರ್ಹವಾಗಿದೆ. 2025-26ರಲ್ಲಿ ಕರ್ನಾಟಕದಲ್ಲಿ ಈ ಯೋಜನೆಯ ದಿನಗೂಲಿ 370 ರೂಪಾಯಿ. ಆರು ದಿನದ ದುಡಿಮೆಗೆ 2,220 ರೂಪಾಯಿ ಆಗುತ್ತದೆ. ಹಾಜರಿ ಪಟ್ಟಿ ಮುಗಿದ 15 ದಿನಗಳ ಮೇಲೆ ವಿಳಂಬವಾದರೆ ದಿನವೊಂದಕ್ಕೆ ಶೇಕಡಾ 0.05ರಂತೆ ಪರಿಹಾರವೆಂಬುದು ನಿಯಮ. ಅಂದರೆ ದಿನಕ್ಕೆ 1 ರೂಪಾಯಿ 11 ಪೈಸೆ. ಅದೇ ಮೊತ್ತವನ್ನು ಅವನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ಕೈಗಡ ತಂದು ಮನೆ ನಡೆಸಿದರೆ ಬಡ್ಡಿ ದಿನಕ್ಕೆ 2 ರೂಪಾಯಿ 22 ಪೈಸೆ. ಪರಿಹಾರ ಬಂದರೂ ಅವನು ನಷ್ಟದಲ್ಲಿಯೇ ಉಳಿಯುತ್ತಾನೆ. ಹೀಗಿರುವಾಗ ಅವನು ಮುಂದಿನ ಬಾರಿ ಊರಿನ ಕೆಲಸಕ್ಕೆ ಅರ್ಜಿ ಹಾಕದೆ ಗುಳೆ ಹೊರಟರೆ ಅದನ್ನು ಕೆಲಸದ ಮೇಲಿನ ಅನಾದರವೆನ್ನುವುದು ಯುಕ್ತವಲ್ಲ.

ಶ್ರಾವಕನ ಅಹಿಂಸಾಣುವ್ರತಕ್ಕೆ ಹೇಳಿರುವ ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ತನ್ನನ್ನು ಆಶ್ರಯಿಸಿದ ಜೀವಕ್ಕೆ ಸಕಾಲದಲ್ಲಿ ಆಹಾರ ದೊರೆಯದಂತೆ ತಡೆಯುವುದು ಅದರ ಅರ್ಥ. ಇದನ್ನು ಕೊಟ್ಟಿಗೆಯ ಎತ್ತಿಗೆ ಮಾತ್ರ ಅನ್ವಯಿಸುವುದು ನಮ್ಮ ರೂಢಿ. ದುಡಿದವನ ಕೂಲಿಯನ್ನು ಕಾರಣವಿಲ್ಲದೆ ತಡೆದರೆ ಅವನ ಮನೆಯ ಒಲೆಯೂ ಅಷ್ಟು ದಿನ ತಡೆಯಲ್ಪಡುತ್ತದೆ. ಆ ದೃಷ್ಟಿಯಿಂದ ವಿಳಂಬವು ಲೆಕ್ಕಪತ್ರದ ದೋಷವಷ್ಟೇ ಆಗಿ ಉಳಿಯದೆ ಹಿಂಸೆಯ ಅಂಶವನ್ನೂ ಪಡೆಯುತ್ತದೆ. ಸರಕಾರಕ್ಕೆ ಅನ್ವಯಿಸುವ ಈ ಮಾತು ಅಂಗಡಿಕಾರನಿಗೂ ಅನ್ವಯಿಸುತ್ತದೆ.

ಇನ್ನು ವಿದ್ಯಾವಂತರ ಸಂಗತಿ. ಕರ್ನಾಟಕ ಸರಕಾರದ ಯುವನಿಧಿ ಯೋಜನೆಯ ಮೊದಲ ಕಂತು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ವಿತರಣೆಯಾಯಿತು. ತೇರ್ಗಡೆಯಾಗಿ ಆರು ತಿಂಗಳಾದರೂ ನೌಕರಿ ದೊರೆಯದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷಗಳವರೆಗೆ ಎಂದು ಗೊತ್ತುಮಾಡಲಾಯಿತು. ಅರ್ಜಿ ಶುಲ್ಕ, ಪರೀಕ್ಷೆಗೆ ಹೋಗಿಬರುವ ಬಸ್ಸಿನ ದರ, ಕೋಣೆಯ ಬಾಡಿಗೆಯ ಪಾಲು ಇವುಗಳಿಗೆ ಈ ಹಣ ಒದಗುತ್ತದೆ. ಆದರೆ ನೌಕರಿ ದೊರೆತಾಗ ಭತ್ಯೆ ನಿಲ್ಲುತ್ತದೆ. ಯಲಬುರ್ಗಾದ ತರುಣನೊಬ್ಬನಿಗೆ ಹುಬ್ಬಳ್ಳಿಯಲ್ಲಿ ಕೆಲಸ ದೊರೆಯಿತೆಂದು ಭಾವಿಸೋಣ. ಕೋಣೆಯ ಮುಂಗಡ, ಊಟ, ಬಟ್ಟೆ ಎಲ್ಲಕ್ಕೂ ಹಣ ಮೊದಲ ದಿನವೇ ಬೇಕು. ಮೊದಲ ಪಗಾರ ತಿಂಗಳ ಕೊನೆಗೆ ಬರುತ್ತದೆ. ದುಡಿಮೆಗೆ ಮರಳುವ ಈ ಹೊಸ್ತಿಲಲ್ಲಿಯೇ ನೆರವು ಕೈಬಿಟ್ಟರೆ ಬಡವರ ಮಗ ಹಿಂಜರಿಯುವುದು ಸಹಜ.

ಫಿನ್ಲೆಂಡ್ ದೇಶವು 2017 ಮತ್ತು 2018ರಲ್ಲಿ ಈ ವಿಷಯವನ್ನು ಪರೀಕ್ಷಿಸಿ ನೋಡಿತು. 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟು, ಕೆಲಸ ದೊರೆತರೂ ಅದನ್ನು ನಿಲ್ಲಿಸಲಿಲ್ಲ. ಅವರು ಕೆಲಸ ಬಿಟ್ಟು ಕುಳಿತುಕೊಳ್ಳಲಿಲ್ಲ. ಎರಡನೆಯ ವರ್ಷದ ಲೆಕ್ಕದಲ್ಲಿ ಇತರ ನಿರುದ್ಯೋಗಿಗಳಿಗಿಂತ ಸರಾಸರಿ ಸುಮಾರು ಆರು ದಿನ ಹೆಚ್ಚಾಗಿಯೇ ದುಡಿದರು. ಮನಸ್ಸಿನ ನೆಮ್ಮದಿಯೂ ಹೆಚ್ಚಿತ್ತು. ಆ ಅವಧಿಯಲ್ಲಿ ಅಲ್ಲಿನ ಬೇರೆ ನಿಯಮಗಳೂ ಬದಲಾದುದರಿಂದ ಇದನ್ನು ದೊಡ್ಡ ವಿಜಯವೆನ್ನಲಾಗದು. ನೆರವು ಆಲಸ್ಯವನ್ನು ಹುಟ್ಟಿಸಿಯೇ ತೀರುತ್ತದೆ ಎಂಬ ನಂಬಿಕೆಗೆ ಮಾತ್ರ ಅಲ್ಲಿ ಆಧಾರ ದೊರೆಯಲಿಲ್ಲ.

ಎದುರುಪಕ್ಷದ ಮಾತಿನಲ್ಲಿರುವ ಸತ್ಯವನ್ನೂ ಒಪ್ಪಬೇಕು. ಭತ್ಯೆಯ ಅವಧಿಯನ್ನು ದೀರ್ಘಗೊಳಿಸಿದಂತೆ ಕೆಲಸ ಹುಡುಕುವ ಅವಧಿಯೂ ಸ್ವಲ್ಪ ದೀರ್ಘವಾಗುತ್ತದೆಂದು ಯುರೋಪಿನ ಅನೇಕ ಅಧ್ಯಯನಗಳು ಕಂಡುಕೊಂಡಿವೆ. ತರಬೇತಿ, ಮಾರ್ಗದರ್ಶನಗಳಿಂದಲೇ ಎಲ್ಲವೂ ಸರಿಹೋಗುತ್ತದೆಂಬ ಮಾತೂ ಪೂರ್ಣಸತ್ಯವಲ್ಲ. ಫ್ರಾನ್ಸಿನಲ್ಲಿ ವಿದ್ಯಾವಂತ ತರುಣರಿಗೆ ಉದ್ಯೋಗ ಹುಡುಕಲು ವಿಶೇಷ ಸಹಾಯ ಮಾಡಿ ಫಲವನ್ನು ಅಳೆದಾಗ, ಸಹಾಯ ಪಡೆದವರ ಲಾಭದ ಒಂದು ಭಾಗ ಸಹಾಯ ಪಡೆಯದವರ ನಷ್ಟವಾಗಿತ್ತೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಹುದ್ದೆಗಳು ಹತ್ತೇ ಇದ್ದಲ್ಲಿ ತರಬೇತಿಯಿಂದ ಸಾಲಿನ ಕ್ರಮ ಬದಲಾಗಬಹುದು, ಸಾಲು ಚಿಕ್ಕದಾಗದು. ಆದ್ದರಿಂದ ಕುಷ್ಟಗಿಯಂತಹ ಸೀಮೆಯಲ್ಲಿ ಕೆರೆಯ ಹೂಳು ತೆಗೆಯುವ, ಕೃಷಿಹೊಂಡ ತೋಡುವ ಕೆಲಸಗಳಿಗೆ ಇಮ್ಮಡಿ ಬೆಲೆಯಿದೆ. ಅವು ಇಂದು ಕೂಲಿಯನ್ನೂ, ಮುಂದೆ ಮಳೆ ಬಂದಾಗ ಹೊಲದಲ್ಲಿಯೇ ಕೆಲಸವನ್ನೂ ಕೊಡುತ್ತವೆ.

2025ರ ಡಿಸೆಂಬರಿನಲ್ಲಿ ಸಂಸತ್ತು, 2005ರ ಅಧಿನಿಯಮದ ಸ್ಥಾನದಲ್ಲಿ 125 ದಿನಗಳ ಖಾತರಿಯನ್ನು ಹೇಳುವ ಹೊಸ ಕಾನೂನನ್ನು ಅಂಗೀಕರಿಸಿತು. ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕಾಮಗಾರಿಗಳನ್ನು ನಿಲ್ಲಿಸುವ ಏರ್ಪಾಡು ಅದರಲ್ಲಿದೆ. ರೈತನಿಗೆ ಆಳು ದೊರೆಯಬೇಕೆಂಬ ಉದ್ದೇಶ ಸಹಜವಾದುದು. ಆದರೆ ಗಂಗಾವತಿಯ ಕಾಲುವೆಯ ಸೀಮೆಗೂ ಯಲಬುರ್ಗಾದ ಮಳೆಯ ಸೀಮೆಗೂ ಒಂದೇ ಪಂಚಾಂಗ ಸಲ್ಲದು. ಮಳೆ ಬಾರದೆ ಬಿತ್ತನೆಯೇ ಇಲ್ಲದ ಊರಿನಲ್ಲಿ ಬಿತ್ತನೆಯ ಕಾಲವೆಂದು ಕೆಲಸ ನಿಲ್ಲಿಸಿದರೆ ಕೂಲಿಯವನಿಗೆ ಎರಡೂ ಬಾಗಿಲುಗಳು ಮುಚ್ಚುತ್ತವೆ. ಅವನ ಅಸಹಾಯಕತೆಯಿಂದ ಅಗ್ಗವಾದ ದುಡಿಮೆ ನಮಗೆ ದೊರೆತರೆ ಆ ಲಾಭವನ್ನು ನ್ಯಾಯಾರ್ಜಿತವೆಂದು ಕರೆಯುವುದು ಕಷ್ಟ.

ಸರಕಾರದ ನೀತಿಯನ್ನು ತಿದ್ದುವುದು ನಮ್ಮೊಬ್ಬರ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಅಂಗಡಿ, ಗಿರಣಿ ಮತ್ತು ಟ್ರಸ್ಟು. ನಮ್ಮ ಟ್ರಸ್ಟುಗಳು ವಿದ್ಯಾರ್ಥಿವೇತನಕ್ಕೂ ಔಷಧಕ್ಕೂ ನಿಧಿಯನ್ನಿರಿಸುವುದು ಪ್ರಶಂಸನೀಯ. ಅದರೊಡನೆ, ಕೆಲಸ ದೊರೆತು ಮೊದಲ ಪಗಾರ ಬರುವವರೆಗಿನ ಒಂದು ತಿಂಗಳಿಗೆ ಬಡ್ಡಿಯಿಲ್ಲದ ಸಾಲ ಕೊಡುವ ಚಿಕ್ಕ ನಿಧಿಯೊಂದನ್ನು ಜಾತಿಮತ ನೋಡದೆ ಎಲ್ಲರಿಗೂ ಸಲ್ಲುವಂತೆ ಇರಿಸಬಹುದು. ಗುಮಾಸ್ತನ ಹುದ್ದೆ ತೆರವಾದರೆ ಶಿಫಾರಸಿಗೆ ಕಾಯದೆ ಸೂಚನಾ ಫಲಕದಲ್ಲಿ ಬರೆಯಿಸಬಹುದು. ಬಂದ ಅರ್ಜಿಗೆ ದಿನಾಂಕ ಹಾಕಿದ ರಸೀದಿ ಕೊಟ್ಟು, ಇಲ್ಲವೆನ್ನುವುದಾದರೂ ಇಂತಿಷ್ಟು ದಿನಗಳಲ್ಲಿ ತಿಳಿಸಬಹುದು. ಹಮಾಲರ ಕೂಲಿಯನ್ನು ಆಯಾ ಸಂಜೆಯೇ ಚುಕ್ತಾ ಮಾಡಬಹುದು. ಇವುಗಳಿಗೆ ದೊಡ್ಡ ಹಣ ಬೇಕಿಲ್ಲ. ಧರ್ಮಬಂಧುಗಳು ತಮ್ಮ ಟ್ರಸ್ಟಿನ ಮುಂದಿನ ಸಭೆಯಲ್ಲಿ, ದುಡಿಯದವನು ಆಲಸಿಯೇ ಎಂಬ ಚರ್ಚೆಗೆ ತೊಡಗುವ ಮುನ್ನ, ನಮ್ಮಲ್ಲಿಗೆ ಕೆಲಸ ಕೇಳಿ ಬಂದ ಅರ್ಜಿಗಳೆಷ್ಟು, ಉತ್ತರ ಪಡೆದವೆಷ್ಟು ಎಂಬ ಲೆಕ್ಕವನ್ನು ಮೊದಲು ಓದಿಸಬೇಕೆಂದು ವಿನಂತಿ.